ಮರದ ಬಳಿಗೆ ಗರಗಸವೋ, ಗರಗಸದ ಬಳಿಗೆ ಮರವೋ?



“ಸರ್, ಈ ಕಾಲದಲ್ಲಿ ದುಂಡು ಗರಗಸದಿಂದ ಮರ ಕೊಯ್ಯಿಸುವುದು ಅವಿವೇಕ, ಪಟ್ಟಿ ಗರಗಸವೊಂದೇ ಸರಿ” ಎಂದು ಕಟ್ಟಿಗೆಯ ವ್ಯಾಪಾರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ತೀರ್ಪು ಕೊಟ್ಟರು. ಲೆಕ್ಕ ಸರಿಯಿದ್ದರೆ ಪೂರ್ಣ ಅಂಕ ಕೊಡುವುದು ನನ್ನ ಪದ್ಧತಿ. ದುಂಡು ಗರಗಸದ ಪ್ರತಿ ಕೊಯ್ತಕ್ಕೆ ಸುಮಾರು 6 ಮಿ.ಮೀ. ಮರ ಹೊಟ್ಟಾಗುತ್ತದೆ, ಪಟ್ಟಿ ಗರಗಸದಲ್ಲಿ ಸುಮಾರು 2 ಮಿ.ಮೀ. ಮಾತ್ರ. 300 ಮಿ.ಮೀ. ದಪ್ಪದ ತೊಲೆಯಿಂದ 25 ಮಿ.ಮೀ. ಹಲಗೆಗಳನ್ನು ತೆಗೆದರೆ ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 11. ಎರಡು ಹಲಗೆಗಳ ನಷ್ಟ ಸಣ್ಣದಲ್ಲ, ಒಪ್ಪಿದೆ.

ಆದರೆ ಈ ಲೆಕ್ಕವು ದಿಮ್ಮಿ ಗಿರಣಿಯ ಬಾಗಿಲಿಗೆ ಬಂದು ಬಿದ್ದ ಮೇಲೆ ಆರಂಭವಾಗುತ್ತದೆ. ನನ್ನ ತಕರಾರು ಅಲ್ಲಿಯೇ. ನಮ್ಮ ಜಲನಗರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೊರಟರೆ ಕಾಣುವುದು ಕಾಡಲ್ಲ. ಹೊಲದ ಬದುವಿನಲ್ಲಿ ಒಂದು ಬೇವು, ಬಾವಿಯ ಬಳಿ ಒಂದು ಹುಣಸೆ, ಹಳ್ಳದ ದಂಡೆಯಲ್ಲಿ ಜಾಲಿ. ಇಂತಹ ಒಂಟಿ ಮರ ಗಾಳಿಗೆ ಉರುಳಿದಾಗ ಕ್ರೇನು, ಲಾರಿ, ಹಮಾಲಿಗಳ ಖರ್ಚು ಮರದ ಬೆಲೆಯನ್ನೇ ನುಂಗುತ್ತದೆ. ಆಗ ರೈತನು ಅದನ್ನು ತುಂಡರಿಸಿ ಉರುವಲಿನ ತೂಕಕ್ಕೆ ಕೊಟ್ಟುಬಿಡುತ್ತಾನೆ. ಬಾಗಿಲ ಚೌಕಟ್ಟಾಗಿ ಎರಡು ತಲೆಮಾರು ನಿಲ್ಲಬಹುದಾದ ಬೇವು ಒಲೆಗೆ ಹೋಗುತ್ತದೆ. ಇಲ್ಲಿ ನಷ್ಟವಾದದ್ದು ಎರಡು ಹಲಗೆಗಳಲ್ಲ, ಹನ್ನೊಂದಕ್ಕೆ ಹನ್ನೊಂದೂ!

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬಳಕೆಯಲ್ಲಿರುವ ಸಂಚಾರಿ ದುಂಡು ಗರಗಸವನ್ನು ಗಮನಿಸಿ. ಬಿಡಿಭಾಗಗಳನ್ನು ಸಣ್ಣ ವಾಹನದಲ್ಲಿ ಒಯ್ದು, ಬಿದ್ದ ದಿಮ್ಮಿಯ ಇಬ್ಬದಿಗೆ ಹಳಿಗಳನ್ನು ಜೋಡಿಸುತ್ತಾರೆ. ದಿಮ್ಮಿ ಅಲುಗುವುದಿಲ್ಲ. ಗರಗಸವೇ ಹಳಿಯ ಮೇಲೆ ಚಲಿಸಿ, ಒಮ್ಮೆ ಅಡ್ಡಲಾಗಿ, ಒಮ್ಮೆ ನೆಟ್ಟಗೆ ತಿರುಗಿ ಹಲಗೆಯನ್ನು ಬಿಡಿಸುತ್ತದೆ. ಗಾಲಿಯ ಮೇಲಿನ ಪಟ್ಟಿ ಗರಗಸಗಳೂ ಇವೆ ಎನ್ನುವಿರಾ? ಇವೆ; ಆದರೆ ಭಾರೀ ದಿಮ್ಮಿಯನ್ನು ಅವುಗಳ ಹಾಸಿನ ಮೇಲೆ ಹೊರಳಿಸಿ ಏರಿಸಬೇಕು. ಮಣ್ಣು ಹತ್ತಿದ ತೊಗಟೆಯಿಂದ ತೆಳುವಾದ ಪಟ್ಟಿ ಬೇಗನೆ ಮೊಂಡಾಗುತ್ತದೆ. ನಮ್ಮ ರಸ್ತೆಬದಿಯ ಮರಗಳಲ್ಲಂತೂ ಮೊಳೆಗಳ ಜಾತ್ರೆಯೇ ಇದೆ (ಅವುಗಳಲ್ಲಿ ಟ್ಯೂಷನ್ ಕ್ಲಾಸುಗಳ ಫಲಕದ ಮೊಳೆಗಳೇ ಹೆಚ್ಚೆಂದು ನಿವೃತ್ತ ಶಿಕ್ಷಕನಾಗಿ ನಾಚಿಕೆಯಿಂದ ಹೇಳುತ್ತೇನೆ). ಮೊಳೆ ತಗುಲಿದರೆ ದುಂಡು ಗರಗಸಕ್ಕೂ ಪೆಟ್ಟೇ. ಆದರೆ ಅದರ ಹಲ್ಲನ್ನು ನಿಂತಲ್ಲಿಯೇ ಸರಿಪಡಿಸಬಹುದು.

ಅಪಾಯ ಹೆಚ್ಚು, ಸದ್ದು ಹೆಚ್ಚು, ನುರಿತ ಕೈ ಬೇಕು. ಗಿಡ್ಡ, ಸೊಟ್ಟ ಜಾಲಿಗೆ ಇದು ಒಗ್ಗದು. ಅದು ಪಟ್ಟಿ ಗರಗಸಕ್ಕೇ ಹೋಗಲಿ.

ಇನ್ನು ಕಾನೂನು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ಗರಗಸ ಗಿರಣಿಗಳಿಗೆ ಕಡಿವಾಣ ಹಾಕಿತು. 2016ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿತು. ಕಾಡು ಉಳಿಸಲು ಅವು ಬೇಕಾಗಿದ್ದವು. ಸಂಚಾರಿ ಗರಗಸ ಕಳ್ಳರ ಕೈಗೆ ಸಿಕ್ಕೀತೆಂಬ ಭಯವೂ ಸುಳ್ಳಲ್ಲ. ಹಾಗೆಂದು ದಾರಿಯೇ ಇಲ್ಲವೇ? ತಾಲೂಕಿಗೊಂದು ಯಂತ್ರಕ್ಕೆ ಪರವಾನಗಿ ಕೊಟ್ಟು, ಕೊಯ್ಯುವ ಪ್ರತಿ ಮರವನ್ನೂ ಅರಣ್ಯ ಇಲಾಖೆಯ ದಾಖಲೆಯಲ್ಲಿ ಬರೆಯಿಸಲಿ. 2016ರಿಂದ ನಮ್ಮ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದಿದೆ. ನೆಡುವುದಕ್ಕೆ ಯೋಜನೆಯಿರುವ ಊರಿನಲ್ಲಿ ಬಿದ್ದ ಮರಕ್ಕೂ ಒಂದು ಯೋಜನೆ ಬೇಡವೇ?

ನನ್ನ ಶಿಷ್ಯೋತ್ತಮರಿಗೆ ಒಂದೇ ಪ್ರಶ್ನೆ: ತಿಕೋಟಾ ದಾರಿಯಲ್ಲಿ ಬಿದ್ದ ದೊಡ್ಡ ಬೇವುಗಳಲ್ಲಿ ನಿಮ್ಮ ಪಟ್ಟಿ ಗರಗಸದವರೆಗೆ ಬಂದು ಮುಟ್ಟಿದವು ಎಷ್ಟು?