ಬಾಗಿಲು ಮುಚ್ಚಿದೆ ಎಂದವನ ಮಾತು

ಜನಜಂಗುಳಿಯ ಕಾಲದಲ್ಲಿ ಪ್ರವಾಸ ಹೋಗಬಾರದು, ಜನ ಕಡಿಮೆಯಾದ ಮೇಲೆ ಹೋಗಬೇಕು ಎಂಬ ಮಾತು ಈಚೆಗೆ ನಮ್ಮ ಕುಟುಂಬಗಳಲ್ಲಿ ಸಾಮಾನ್ಯವಾಗಿದೆ. ಮಾತು ತಪ್ಪಲ್ಲ. ವಸತಿಗೃಹದ ಬಾಡಿಗೆ ಇಳಿದಿರುತ್ತದೆ, ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ, ದೇವಸ್ಥಾನದಲ್ಲಿ ದೇವರ ಮುಖ ಕಾಣುತ್ತದೆ. ನಮ್ಮೂರಿನಿಂದ ಹೊರಟು ಯುರೋಪಿನಲ್ಲಿ ದುಡಿಯುತ್ತಿರುವ ಹುಡುಗರು ಅಪ್ಪ ಅಮ್ಮನನ್ನು ಜನವರಿಯ ಚಳಿಯಲ್ಲಿ ಪ್ಯಾರಿಸಿಗೋ ರೋಮಿಗೋ ಕರೆದೊಯ್ಯುವುದೂ ಇದೇ ಲೆಕ್ಕಾಚಾರದಿಂದ. ಆದರೆ ಜನವಿಲ್ಲದ ಕಡೆ ಮೋಸವೂ ಇರದು ಎಂಬ ಒಂದು ನಂಬಿಕೆ ಈ ಲೆಕ್ಕದೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಅದು ಎಷ್ಟು ಪೊಳ್ಳೆಂಬುದನ್ನು ನಾವು ಪ್ಯಾರಿಸಿನಲ್ಲಿ ಕಲಿಯಲಿಲ್ಲ. ಮಹಾರಾಷ್ಟ್ರದ ವಿಶ್ರಾಮಬಾಗದಲ್ಲಿ ಕಲಿತೆವು.

ವಿಶ್ರಾಮಬಾಗವು ಸಾಂಗ್ಲಿಗೂ ಮಿರಜಕ್ಕೂ ನಡುವೆ ಇರುವ ಬಡಾವಣೆ. ಅಲ್ಲಿನ ವಿಲಿಂಗ್ಡನ್ ಕಾಲೇಜು 1919ರಲ್ಲಿ ಸ್ಥಾಪನೆಯಾದುದು. 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕನ್ನಡ ಸಾಹಿತ್ಯ ಚರಿತ್ರೆ’ಯ ಕರ್ತೃ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ್ದು ಅಲ್ಲಿ. ವಿ. ಕೃ. ಗೋಕಾಕರೂ ಅಲ್ಲಿ ಪ್ರಾಂಶುಪಾಲರಾಗಿದ್ದರು. ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ಮುಗಳಿಯವರ ಗ್ರಂಥವನ್ನು ಕಡ ತಂದು ಓದಿದ ನಮಗೆ, ಆ ಕಾಲೇಜಿನ ಅಂಗಳವನ್ನೊಮ್ಮೆ ಮೆಟ್ಟಿ ಬರಬೇಕೆಂಬುದು ಹಳೆಯ ಆಸೆ. ಶಾಲೆಗೆ ಬೇಸಗೆ ರಜೆ ಇದ್ದುದರಿಂದ ಮೇ ತಿಂಗಳಲ್ಲಿ ಸಂಸಾರ ಸಮೇತ ಹೊರಟೆವು. ಆ ಬಿಸಿಲಿಗೆ ಅಲ್ಲಿ ಪ್ರವಾಸಿಗಳೆಂದರೆ ನಾವೇ.

ಮಿರಜ ನಿಲ್ದಾಣದ ಹೊರಗೆ ಕಾಲಿಟ್ಟೊಡನೆ ರಿಕ್ಷಾದವನೊಬ್ಬ ಎದುರಾದ. ನಾವು ನಾವೇ ಮಾತಾಡಿಕೊಂಡದ್ದು ಅವನ ಕಿವಿಗೆ ಬಿದ್ದಿರಬೇಕು. ಕನ್ನಡದಲ್ಲೇ ಮಾತು ತೆಗೆದ. ತಾನು ಜತ್ತ ಕಡೆಯವನೆಂದ. 1967ರ ಮಹಾಜನ ವರದಿಯಲ್ಲಿ ಕಾಸರಗೋಡೂ ಜತ್ತವೂ ಕರ್ನಾಟಕಕ್ಕೆ ಸೇರಬೇಕೆಂದು ಜೊತೆಜೊತೆಯಾಗಿ ಬರೆಯಲ್ಪಟ್ಟು, ಜೊತೆಜೊತೆಯಾಗಿಯೇ ಕಾಗದದಲ್ಲಿ ಉಳಿದವು. ಆ ಹೆಸರು ಕೇಳಿದಾಗ ನಮ್ಮ ಎದೆ ಅರಳಿದುದರಲ್ಲಿ ಆಶ್ಚರ್ಯವಿಲ್ಲ. ವಿಶ್ರಾಮಬಾಗದ ಲಾಡ್ಜಿನಲ್ಲಿ ಫೋನಿನ ಮೂಲಕ ಕೋಣೆ ಗೊತ್ತುಮಾಡಿದ್ದೇವೆ, ಅಲ್ಲಿಗೆ ಬಿಡಿ ಎಂದೆವು. “ಅಲ್ಲಿ ಯಾಕ ಹೋಗ್ತೀರಿ ಸರ? ಅದು ಬಂದ್ ಆಗೇತಿ. ಈಗ ಮಂದಿ ಬರಂಗಿಲ್ಲ ನೋಡ್ರಿ, ರಿಪೇರಿ ನಡದೈತಿ. ಛಲೋ ಜಾಗಾ ನಾ ತೋರಸ್ತೇನ್ರಿ” ಎಂದ. ಕಾಲೇಜಿಗೂ ರಜೆ, ಗೇಟಿಗೆ ಬೀಗ, ಒಳಗೆ ಬಿಡುವುದಿಲ್ಲ ಎಂದೂ ಸೇರಿಸಿದ. ಅವನು ತೋರಿಸಿದ ‘ಛಲೋ ಜಾಗ’ದಲ್ಲಿ ದಿನಕ್ಕೆ 1,800 ರೂಪಾಯಿ, ನಾವು ಮೊದಲು ಗೊತ್ತುಮಾಡಿದ್ದು 900ಕ್ಕೆ. ಎರಡು ದಿನದ ಹಣ ಮುಂಗಡ ಕೊಟ್ಟೆವು. ರಸೀದಿ ಕೇಳಿದರೆ, ಪುಸ್ತಕ ಮುಗಿದಿದೆ, ನಾಳೆ ಕೊಡುತ್ತೇವೆ ಎಂದರು.

ಸಂಜೆ ತಂಪಾದ ಮೇಲೆ ವಿಶ್ರಾಮಬಾಗದ ಕಡೆ ಸುತ್ತಾಡಲು ಹೋದಾಗ ನಮ್ಮ ಮೊದಲಿನ ಲಾಡ್ಜು ದೀಪ ಉರಿಸಿಕೊಂಡು ನಿಂತಿತ್ತು! ಬಾಗಿಲು ಹಾರು ಹೊಡೆದಿತ್ತು. ಮೇಜಿನ ಹಿಂದಿದ್ದ ಮರಾಠಿ ಹಿರಿಯರು ಪುಸ್ತಕ ತಿರುಗಿಸಿ ನಮ್ಮ ಹೆಸರು ತೋರಿಸಿದರು. ಕೋಣೆ ಗುಡಿಸಿ, ಕುಡಿಯುವ ನೀರು ಇಟ್ಟು, ಮಧ್ಯಾಹ್ನದಿಂದ ಕಾದಿದ್ದರಂತೆ. ಸಂಗತಿ ತಿಳಿದು ತಮ್ಮ ಹುಡುಗನನ್ನು ನಮ್ಮ ಜೊತೆ ಕಳಿಸಿದರು. ಅವನ ಬಾಯಿಜೋರಿನಿಂದ ಒಂದು ದಿನದ ಹಣ ವಾಪಸು ಬಂತು. ಹಿರಿಯರು ಹಿಂದಿಯಲ್ಲಿ ಕೇಳಿದ್ದು ಇಷ್ಟೇ: “ನನ್ನ ನಂಬರು ನಿಮ್ಮಲ್ಲಿತ್ತು. ಒಂದು ಮಾತು ಫೋನು ಮಾಡಬಾರದಿತ್ತೇ?”

ಯಾಕೆ ಮಾಡಲಿಲ್ಲ? ರಾತ್ರಿಯೆಲ್ಲ ನಮ್ಮನ್ನು ಕಾಡಿದ್ದು ಹೋದ ಹಣವಲ್ಲ, ಈ ಪ್ರಶ್ನೆ. ಉತ್ತರ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮ ಹರುಕುಮುರುಕು ಹಿಂದಿಯಲ್ಲಿ ಅಪರಿಚಿತರೊಡನೆ ಮಾತಾಡುವುದಕ್ಕಿಂತ, ಕನ್ನಡ ಬಲ್ಲವನ ಹಿಂದೆ ಹೋಗುವುದು ನಮಗೆ ಸುಲಭವೆನಿಸಿತ್ತು. ರಿಕ್ಷಾದವನು ನಮ್ಮ ಕಿಸೆಗೆ ಕೈಹಾಕಲಿಲ್ಲ. ನಮ್ಮ ಅಳುಕಿಗೆ ಕೈಹಾಕಿದ. ಇದರಿಂದ ಜತ್ತದ ಕನ್ನಡಿಗರನ್ನು ಯಾರೂ ಹಳಿಯಬಾರದು. ಅವನು ಜತ್ತದವನೇ ಹೌದೋ ಅಲ್ಲವೋ ದೇವರೇ ಬಲ್ಲ. ಭಾಷೆ ಮೋಸ ಮಾಡುವುದಿಲ್ಲ, ಮನುಷ್ಯ ಮಾಡುತ್ತಾನೆ.

ಮರುದಿನ ಕಾಲೇಜಿಗೆ ಹೋದೆವು. ರಜೆ ನಿಜ, ಕೋಣೆಗಳಿಗೆ ಬೀಗವೂ ನಿಜ. ಆದರೆ ಗೇಟಿನ ಕಾವಲುಗಾರ ನಾವು ಬಂದ ದೂರವನ್ನು ಕೇಳಿ ಒಳಗೆ ಬಿಟ್ಟ. ಮುಗಳಿಯವರು ನಡೆದಾಡಿದ ಅಂಗಳದಲ್ಲಿ ನಾವೂ ನಾಲ್ಕು ಹೆಜ್ಜೆ ಹಾಕಿದೆವು. ರಿಕ್ಷಾದವನ ಮಾತು ಕೇಳಿದ್ದರೆ ಅಷ್ಟು ದೂರ ಹೋಗಿಯೂ ಅದು ತಪ್ಪುತ್ತಿತ್ತು.

‘ಮುಚ್ಚಿದೆ’ ಎಂಬ ಈ ಸುಳ್ಳಿಗೆ ಲೋಕಸಂಚಾರವೇ ಆಗಿದೆ. ಬ್ಯಾಂಕಾಕಿನಲ್ಲಿ ರಾಜರ ಅರಮನೆ ಇವತ್ತು ಮುಚ್ಚಿದೆ ಎಂದು ದಾರಿಯಲ್ಲೇ ಹೇಳಿ, ಪ್ರವಾಸಿಯನ್ನು ಹರಳಿನ ಅಂಗಡಿಗೆ ಸಾಗಿಸುವವರಿದ್ದಾರೆ. ಹೊಸದಿಲ್ಲಿ ನಿಲ್ದಾಣದ ಮೊದಲ ಮಹಡಿಯ ವಿದೇಶಿ ಪ್ರವಾಸಿಗರ ಟಿಕೆಟ್ ಕಚೇರಿಯು ಮುಚ್ಚಿದೆ, ಬೇರೆಡೆಗೆ ಹೋಗಿದೆ ಎಂದು ಪರದೇಶದವರನ್ನು ಖಾಸಗಿ ಏಜೆಂಟರ ಬಳಿಗೆ ಒಯ್ಯುವುದು ಹಳೆಯ ಕಸುಬು. ಇದರ ಹಿಂದಿನ ವ್ಯವಹಾರ ಸರಳ: ಕರೆತಂದವನಿಗೆ ಅಂಗಡಿ ಅಥವಾ ಲಾಡ್ಜು ಕಮಿಷನ್ ಕೊಡುತ್ತದೆ, ಆ ಕಮಿಷನ್ ನಮ್ಮ ಬಿಲ್ಲಿನೊಳಗೆ ಸೇರುತ್ತದೆ. ಜನ ಕಡಿಮೆಯಿರುವ ಕಾಲದಲ್ಲಿ ಈ ಸುಳ್ಳಿಗೆ ಬಲ ಹೆಚ್ಚು. ಯುರೋಪಿನಲ್ಲಿ ಚಳಿಗಾಲಕ್ಕೆ ಎಷ್ಟೋ ಕೋಟೆ, ವಸ್ತುಸಂಗ್ರಹಾಲಯಗಳ ವೇಳೆ ಮೊಟಕಾಗುತ್ತದೆ. ಆದ್ದರಿಂದ ‘ಮುಚ್ಚಿದೆ’ ಎಂದರೆ ನಂಬಿಕೆಯೂ ಬರುತ್ತದೆ. ಜಾತ್ರೆಯ ಕಾಲವಾದರೆ ಅಕ್ಕಪಕ್ಕದ ಹತ್ತು ಜನರನ್ನು ಕೇಳಬಹುದು. ಖಾಲಿ ಬೀದಿಯಲ್ಲಿ ಕೇಳಲು ಸಿಗುವವನು ಅವನೊಬ್ಬನೇ. ಗಿರಾಕಿ ಕಡಿಮೆಯಾದಷ್ಟೂ ಸಿಕ್ಕಿದ ಒಬ್ಬನನ್ನು ಅವನು ಸುಲಭವಾಗಿ ಬಿಡುವವನೂ ಅಲ್ಲ.

ನಾವು, ಕಾಸರಗೋಡಿನ ಕನ್ನಡಿಗರು, ಈ ಪಾಠವನ್ನು ವಿಶ್ರಾಮಬಾಗದ ತನಕ ಹೋಗಿ ಕಲಿಯಬೇಕಾಗಿರಲಿಲ್ಲ. ಕಚೇರಿಗಳ ಮುಂದೆ ನಿಂತಿರುವ ದಲ್ಲಾಳಿಯನ್ನು ನಾವು ಕಾಣದವರೇ? “ಒಳಗೆ ಹೋಗಿ ಪ್ರಯೋಜನವಿಲ್ಲ ಮಾರಾಯ್ರೆ, ಸಾಹೇಬರು ಇಲ್ಲ, ಅರ್ಜಿ ಮಲಯಾಳದಲ್ಲೇ ಆಗಬೇಕು, ನಾನು ಮಾಡಿಸಿಕೊಡುತ್ತೇನೆ” ಎನ್ನುವ ಅವನ ಮಾತೂ ‘ಬಾಗಿಲು ಮುಚ್ಚಿದೆ’ ಎಂಬ ಮಾತೇ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಸಭೆಗಳಲ್ಲಿ ಈ ಹಕ್ಕಿನ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವ ನಾವು, ಮೇಜಿನ ಮುಂದೆ ನಿಂತು ಗುಮಾಸ್ತರನ್ನು ನೇರವಾಗಿ ಕೇಳಲು ಹಿಂಜರಿದು ದಲ್ಲಾಳಿಯ ಕೈಗೆ ನೋಟು ತುರುಕುತ್ತೇವೆ. ಮನೆಯಲ್ಲಿ ಬೆಳೆಸಿಕೊಂಡ ಈ ಅಳುಕೇ ಪರವೂರಿನಲ್ಲಿ ನಮ್ಮನ್ನು ಮೋಸಗಾರನಿಗೆ ಗುರುತು ಹಿಡಿದುಕೊಡುತ್ತದೆ.

ಹಾಗಾದರೆ ಹೊರಡುವವರು ಮಾಡಬೇಕಾದ್ದೇನು? ವಸತಿಯ ನಂಬರನ್ನು ಕಾಗದದಲ್ಲಿ ಬರೆದಿಟ್ಟು, ರೈಲು ಇಳಿಯುವ ಮೊದಲೇ ಫೋನು ಮಾಡಿರಿ. ಯಾರು ಏನೇ ಹೇಳಲಿ, ಬಾಗಿಲವರೆಗೆ ಹೋಗಿ ಕಣ್ಣಿನಿಂದ ನೋಡಿರಿ. ರಸೀದಿ ಇಲ್ಲದೆ ಮುಂಗಡ ಕೊಡಬೇಡಿ. ಮೊಬೈಲಿನಲ್ಲಿ ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿ ಎಂದವನು ನಿಮ್ಮ ಹಣ ಸೆಳೆಯುವವನೆಂದು ತಿಳಿಯಿರಿ. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ದೂರು ಕೊಡಿ. ರೈಲಿನ ತೊಂದರೆಗೆ 139 ಇದೆ. ಯುರೋಪಿಗೆ ಹೋಗುವ ಹಿರಿಯರು ಇನ್ನೆರಡು ಸಂಗತಿ ನೆನಪಿಡಲಿ. ಅಲ್ಲಿನ ಎ.ಟಿ.ಎಂ. ಯಂತ್ರ “ರೂಪಾಯಿ ಲೆಕ್ಕದಲ್ಲಿ ಕಡಿಯಲೇ, ಯೂರೋ ಲೆಕ್ಕದಲ್ಲೇ?” ಎಂದು ಕೇಳಿದರೆ ಯೂರೋ ಎಂದೇ ಒತ್ತಬೇಕು, ರೂಪಾಯಿ ಎಂದರೆ ಯಂತ್ರದವರು ತಮಗೆ ಬೇಕಾದ ದುಬಾರಿ ದರ ಹಾಕುತ್ತಾರೆ. ಪ್ಯಾರಿಸಿನ ಮೋಂಮಾರ್ತ್ರ್ ಗುಡ್ಡದ ಮೆಟ್ಟಿಲಿನಲ್ಲಿ ಸ್ನೇಹದ ದಾರವೆಂದು ಮುಂಗೈಗೆ ನೂಲು ಕಟ್ಟಲು ಬರುವವರಿದ್ದಾರೆ. ಕಟ್ಟಿದ ಮೇಲೆ ಹಣ ಕೊಡದೆ ಬಿಡಿಸಿಕೊಳ್ಳುವುದು ಕಷ್ಟ. ಕೈ ಕಿಸೆಯಲ್ಲಿಟ್ಟು ಮುಂದೆ ನಡೆಯುವುದೇ ಜಾಣತನ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಎಲ್ಲರನ್ನೂ ಶಂಕಿಸುತ್ತ ತಿರುಗಬೇಕೆಂದಲ್ಲ. ಹಾಗಾದರೆ ಮನೆಯಲ್ಲೇ ಇರುವುದು ಲೇಸು. ಮಿರಜದಲ್ಲಿ ಸಿತಾರು, ತಂಬೂರಿ ಮಾಡುವವರ ಬೀದಿಗೂ ನಾವು ಹೋಗಿದ್ದೆವು. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ. ಗಿರಾಕಿಯಿಲ್ಲದ ಮಧ್ಯಾಹ್ನ, ಏನೂ ಕೊಳ್ಳದ ನಮ್ಮನ್ನು ಕೂರಿಸಿ, ಒಣಗಿದ ಸೋರೆಬುರುಡೆ ತಂಬೂರಿಯಾಗುವ ಬಗೆಯನ್ನು ಮುದುಕರೊಬ್ಬರು ತೋರಿಸಿಕೊಟ್ಟರು. ಜಂಗುಳಿಯ ಕಾಲದಲ್ಲಿ ಅವರಿಗೆ ಆ ಬಿಡುವೆಲ್ಲಿ? ಅವರಿಗೆ ಕನ್ನಡ ಬಾರದು, ನಮಗೆ ಮರಾಠಿ ಬಾರದು. ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಕಡೆಗೊಂದು ಮಾತು. ಯಕ್ಷಗಾನದ ನಾಡಿನವರಾದ ನಾವು ಸಾಂಗ್ಲಿಯನ್ನು ಮರೆಯುವಂತಿಲ್ಲ. 1842ರಲ್ಲಿ ಹೊನ್ನಾವರದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಯ ಸಂಸ್ಥಾನಕ್ಕೆ ಹೋಗಿ ಆಟ ಆಡಿತು. ಅದನ್ನು ಮೆಚ್ಚಿದ ದೊರೆ ಚಿಂತಾಮಣರಾವ್ ಪಟವರ್ಧನರು ತಮ್ಮ ಭಾಷೆಯಲ್ಲೂ ಇಂಥದೊಂದು ಆಗಬೇಕೆಂದು ಬಯಸಿದರು. ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿದರು, ಮರಾಠಿ ರಂಗಭೂಮಿಯ ಲೆಕ್ಕ ಅಲ್ಲಿಂದ ಶುರು. ಘಟ್ಟ ಹತ್ತಿ, ಗೊತ್ತಿಲ್ಲದ ಭಾಷೆಯ ಊರಿನಲ್ಲಿ ಗೆಜ್ಜೆ ಕಟ್ಟಿದ ಆ ಕಲಾವಿದರಿಗಿದ್ದ ಧೈರ್ಯದಲ್ಲಿ ಒಂದಂಶವಾದರೂ ನಮಗೆ ಬೇಡವೇ?

ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಓದಲಿ, ಕನ್ನಡವನ್ನು ಎದೆಯಲ್ಲಿಟ್ಟುಕೊಳ್ಳಲಿ. ಅದರ ಜೊತೆಗೆ ಮಲಯಾಳದಲ್ಲಾಗಲಿ ಹಿಂದಿಯಲ್ಲಾಗಲಿ ತಪ್ಪುತಪ್ಪಾಗಿಯಾದರೂ ಒಂದು ಪ್ರಶ್ನೆ ಕೇಳುವ ಅಭ್ಯಾಸವನ್ನೂ ನಾವು ಅವರಿಗೆ ಮಾಡಿಸಬೇಕು. ಮುಂದಿನ ರಜೆಗೆ ಹೊರಡುವಾಗ, ಲಾಡ್ಜಿಗೆ ಫೋನು ಮಾಡುವ ಕೆಲಸವನ್ನು ಮನೆಯ ಹುಡುಗ ಹುಡುಗಿಯರಿಗೇ ಒಪ್ಪಿಸಿ ನೋಡಿರಿ. ನಾವು ಹಾಗೆಂದು ನಿಶ್ಚಯಿಸಿದ್ದೇವೆ.