‘ನೀನೇ ಸಾಬೀತು ಮಾಡು’ ಅಂದವರು ಯಾರು?

ಹಾಸ್ಟೆಲ್ ಗೆಳೆಯರೆ,

ಬೆಳಗಿನ ಜಾವ ಐದು ಗಂಟೆಗೆ ಎದ್ದು ಮೈದಾನದಲ್ಲಿ ಓಡುವ ಹುಡುಗರು ನಮ್ಮೊಳಗೇ ಇದ್ದಾರೆ. ಸೈನ್ಯದ ಭರ್ತಿಗೆ 1600 ಮೀಟರ್ ಓಟ. ಅದರಲ್ಲಿ ಪಾಸಾದರೆ ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕು. ಹಲ್ಲು ಎಣಿಸ್ತಾರೆ. ಎದೆ ಅಳೀತಾರೆ. ಪಾದ ಚಪ್ಪಟೆ ಇದ್ದರೆ, ಮಂಡಿಗೆ ಮಂಡಿ ತಾಗಿದರೆ ವಾಪಸ್. ಕಿವಿಯ ಗುಗ್ಗೆಯನ್ನೂ ಬಿಡೋದಿಲ್ಲ. ಇಷ್ಟೆಲ್ಲ ಜರಡಿ ಹಿಡಿದು, ಇವನ ಮೈಯಲ್ಲಿ ಯಾವ ಐಬೂ ಇಲ್ಲ ಅಂತ ಸರ್ಕಾರವೇ ಬರೆದುಕೊಂಡು ಸೇರಿಸಿಕೊಳ್ಳುತ್ತದೆ.

ಕೆಲವು ವರ್ಷ ಕಳೆದ ಮೇಲೆ ಅದೇ ಹುಡುಗ ಕಾಯಿಲೆ ಬಿದ್ದರೆ ಅದೇ ಸರ್ಕಾರ ಏನು ಬರೆಯುತ್ತದೆ ಗೊತ್ತೆ? ‘ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಇವನ ಹುಟ್ಟುಗುಣ.’ ಒಂದು ಸಾಲಿನ ಷರಾ. ಅಂಗವೈಕಲ್ಯದ ಪಿಂಚಣಿ ಅಲ್ಲಿಗೆ ಮುಗೀತು.

ಹುಟ್ಟಿನಿಂದಲೇ ಇದ್ದದ್ದಾದರೆ ಅವತ್ತು ಹಲ್ಲು ಎಣಿಸಿದ ಡಾಕ್ಟರಿಗೆ ಯಾಕೆ ಕಾಣಲಿಲ್ಲ? ಇಷ್ಟನ್ನು ನಾವು ಕೇಳಬೇಡವೆ?

ಕೇಳಿದವನು ಒಬ್ಬನಿದ್ದ. 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಸಿಪಾಯಿ. ಸುಮಾರು ಒಂಬತ್ತು ವರ್ಷ ದುಡಿದ. ಮೂರ್ಛೆರೋಗ ಕಾಣಿಸಿಕೊಂಡಿತು. ಶೇಕಡಾ 20 ಕಾಯಂ ಅಂಗವೈಕಲ್ಯ ಅಂತ ಬರೆದು 1994ರ ಏಪ್ರಿಲ್ 1ರಿಂದ ಮನೆಗೆ ಕಳಿಸಿದರು. ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅಂತ ಮೆಡಿಕಲ್ ಬೋರ್ಡು ಹೇಳಿತು. ಹಿಮಾಚಲ ಪ್ರದೇಶದ ಹೈಕೋರ್ಟಿನಲ್ಲಿ 2004ರಲ್ಲಿ ಆತ ಗೆದ್ದ. ಸರ್ಕಾರ ಅಪೀಲು ಹಾಕಿತು. 2009ರಲ್ಲಿ ಸೋತ. ಸುಪ್ರೀಂ ಕೋರ್ಟಿಗೆ ಹೋದ. 2013ರ ಜುಲೈ 2ರಂದು ಗೆದ್ದ. ಲೆಕ್ಕ ಹಾಕಿ ಗೆಳೆಯರೆ: ದುಡಿದದ್ದು ಒಂಬತ್ತು ವರ್ಷ, ಕಾದದ್ದು ಹತ್ತೊಂಬತ್ತು ವರ್ಷ.

ನ್ಯಾಯಮೂರ್ತಿ ಪಟ್ನಾಯಕ್ ಮತ್ತು ಮುಖೋಪಾಧ್ಯಾಯ ಅವರು ಹೊಸ ದಾನ ಏನನ್ನೂ ಕೊಡಲಿಲ್ಲ. ಸರ್ಕಾರ ತಾನೇ ಮಾಡಿಟ್ಟಿದ್ದ 1982ರ ನಿಯಮಗಳನ್ನು ಬಿಚ್ಚಿ ಓದಿದರು, ಅಷ್ಟೆ. ಅದರಲ್ಲಿ ಏನಿತ್ತು? ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲವಾದರೆ ಆತ ಗಟ್ಟಿಯಾಗಿದ್ದ ಅಂತಲೇ ತಿಳಿಯಬೇಕು. ಆಮೇಲೆ ಆರೋಗ್ಯ ಕೆಟ್ಟು ಹೊರಗೆ ಬಂದರೆ ಅದು ಸೇವೆಯಿಂದಲೇ ಅಂತ ತಿಳಿಯಬೇಕು. ಸಾಬೀತು ಮಾಡು ಅಂತ ಸಿಪಾಯಿಯನ್ನು ಕೇಳುವಂತಿಲ್ಲ. ಅನುಮಾನ ಬಂದರೆ ಅದರ ಲಾಭ ಆತನಿಗೆ. ಬೋರ್ಡು ಬೇರೆ ಮಾತು ಹೇಳುವುದಾದರೆ ಕಾರಣ ಬರೆಯಬೇಕು. ಈ ಸಿಪಾಯಿಯ ಕಾಗದದಲ್ಲಿ ಬೋರ್ಡು ಕಾರಣವನ್ನೇ ಬರೆದಿರಲಿಲ್ಲ.

ಅಂದರೆ ಕಾನೂನು ಮೊದಲಿನಿಂದಲೂ ಸಿಪಾಯಿಯ ಕಡೆಗೇ ಇತ್ತು. ಅದನ್ನು ಓದಿಸೋದಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು.

ಶೇಕಡಾವಾರಿನ ಆಟ ಬೇರೆ ಇದೆ. ಅಂಗವೈಕಲ್ಯ ಶೇಕಡಾ 20 ಮುಟ್ಟಿದರೆ ಮಾತ್ರ ಪಿಂಚಣಿ. ಒಂದು ಕಡಿಮೆ ಬರೆದರೆ ಸೊನ್ನೆ. ಕೆಲಸಕ್ಕೆ ಬಾರದವನು ಅಂತ ಹೊರಗೆ ಹಾಕಿದ ಮೇಲೆ 20ಕ್ಕಿಂತ ಕಡಿಮೆ ಅನ್ನೋದು ಹೇಗೆ ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ತಿರುಗಿ ಕೇಳಿತು. ಅದೇ ವರ್ಷ ಡಿಸೆಂಬರ್ 10ರಂದು ಇನ್ನೊಂದು ತೀರ್ಪು. 50ರ ಒಳಗಿದ್ದರೆ 50, ಅದಕ್ಕೆ ಮೇಲಿದ್ದರೆ 75, ಅದನ್ನೂ ದಾಟಿದರೆ 100 ಅಂತ ಏರಿಸಿ ಲೆಕ್ಕ ಹಾಕುವ ಪದ್ಧತಿ ಮೊದಲೇ ಇತ್ತು. ಆದರೆ ಅವಧಿ ಮುಗಿಸಿ ಬಂದವರಿಗೆ ಇಲ್ಲ ಅಂತ ಸರ್ಕಾರ ಹಟ ಹಿಡಿದಿತ್ತು. ಕೋರ್ಟು ಅವರಿಗೂ ಉಂಟು ಅಂದಿತು. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡಾ 30 ಸಿಗುತ್ತದೆ. 20ಕ್ಕೆ ಸಿಗೋದು ಶೇಕಡಾ 6. ಅದೇ 50 ಅಂತ ಏರಿದರೆ ಶೇಕಡಾ 15. ಸಿಪಾಯಿಯ ಮನೆಗೆ ಇದು ಮಗಳ ಕಾಲೇಜು ಫೀಜಿನ ಮಾತು.

ಇಷ್ಟು ತೀರ್ಪು ಬಂದ ಮೇಲಾದರೂ ಸುಮ್ಮನಾದರೆ? ಇಲ್ಲ. ಕಾಗದ ತಿರಸ್ಕಾರವಾದರೆ ಒಂದನೇ ಅಪೀಲು, ಅದು ಬಿದ್ದರೆ ಎರಡನೇ ಅಪೀಲು. ಎರಡನ್ನೂ ಕೇಳೋರು ಅದೇ ಇಲಾಖೆಯವರು. ಆಮೇಲೆ 2007ರ ಕಾಯ್ದೆಯಂತೆ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಲ್ಲಿ ಗೆದ್ದರೆ ಸರ್ಕಾರ ಮತ್ತೆ ಮೇಲಕ್ಕೆ ಎಳೆಯುತ್ತದೆ. ರಕ್ಷಣಾ ಇಲಾಖೆಯೇ ನೇಮಿಸಿದ ತಜ್ಞರ ಸಮಿತಿ, ಅಂಗವಿಕಲ ಸೈನಿಕರ ಮೇಲಿನ ಇಂಥ ಅಪೀಲುಗಳನ್ನು ವಾಪಸ್ ತಗೊಳ್ಳಿ ಅಂತ 2015ರಲ್ಲೇ ಹೇಳಿತ್ತು. ಆಮೇಲೂ ಅಪೀಲುಗಳು ಬೀಳುತ್ತಲೇ ಬಂದವು. ನಿಯಮಗಳನ್ನೇ 2008ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಬದಲಿಸಿ ಬಿಗಿ ಮಾಡಿದರು.

ಬಿಪಿ, ಶುಗರ್ ಅಂತ ಹೇಳಿಕೊಂಡು ಸುಳ್ಳು ಪಿಂಚಣಿ ತಗೊಳ್ಳೋರಿದ್ದಾರೆ ಅನ್ನೋದು ಅವರ ವಾದ. ಇರಬಹುದು. ನಾವು ಅಲ್ಲಗಳೆಯೋದಿಲ್ಲ. ಆದರೆ ಈ ಪಿಂಚಣಿ ಪಡೆಯುವವರ ಪಾಲು ಸಿಪಾಯಿಗಳಿಗಿಂತ ಆಫೀಸರುಗಳಲ್ಲೇ ಹೆಚ್ಚು ಅಂತ ಸರ್ಕಾರದ ಲೆಕ್ಕಪರಿಶೋಧಕರೇ 2023ರ ವರದಿಯಲ್ಲಿ ತೋರಿಸಿದ್ದಾರೆ. ಹಾಗಿದ್ದರೆ ಕಾರಣ ಬರೆದು, ಪರೀಕ್ಷೆ ಮಾಡಿ, ಸುಳ್ಳನ್ನು ಹಿಡಿಯಿರಿ. ಬೇಡ ಅಂದವರಾರು? ಇಂಗ್ಲಿಷ್ ಬಲ್ಲವನಿಗೆ ದಾರಿ ತೆರೆದಿಟ್ಟು ಹಳ್ಳಿಯ ಸಿಪಾಯಿಯ ಮುಖಕ್ಕೆ ಒಂದು ಸಾಲಿನ ಷರಾ ಎಸೆಯೋದು ಯಾವ ನ್ಯಾಯ?

ಓಡುತ್ತಿರುವ ಹುಡುಗರೇ, ಈ ಮಾತು ನಿಮಗೇ. 2022ರ ಅಗ್ನಿಪಥದಲ್ಲಿ ನಾಲ್ಕು ವರ್ಷದ ನೌಕರಿ, ಪಿಂಚಣಿ ಇಲ್ಲ. ಅಂಗವೈಕಲ್ಯ 100, 75, 50 ಇದ್ದರೆ ಒಂದು ಸಲಕ್ಕೆ 44, 25, 15 ಲಕ್ಷ ಅಂತ ಹೇಳಿದರು. ಅದಕ್ಕೂ ಕಾಯಿಲೆ ಸೇವೆಯಿಂದಲೇ ಬಂದಿರಬೇಕು ಅನ್ನೋ ಷರತ್ತು ಇದೆ. ಅದೇ ಬೋರ್ಡು, ಅದೇ ಷರಾ. ಓಡಿ, ಬೇಡ ಅನ್ನೋದಿಲ್ಲ. ಆದರೆ ಸಹಿ ಹಾಕುವ ಮುಂಚೆ ಓದಿ. ಸೇರುವ ದಿನದ ವೈದ್ಯಕೀಯ ಕಾಗದದ ನಕಲು ಇಟ್ಟುಕೊಳ್ಳಿ.

ನಮ್ಮ ಒತ್ತಾಯ ಎರಡೇ. ಕಾರಣ ಬರೆಯದ ಬೋರ್ಡಿನ ಷರಾಕ್ಕೆ ಬೆಲೆ ಇರಬಾರದು. ತೀರ್ಮಾನವಾಗಿ ಹೋದ ಪ್ರಶ್ನೆಯ ಮೇಲೆ ಸರ್ಕಾರ ಅಂಗವಿಕಲನನ್ನು ಮತ್ತೆ ಕೋರ್ಟಿಗೆ ಎಳೆಯಬಾರದು.

ಅದು ಆಗುವ ತನಕ ನಾವು ಸುಮ್ಮನೆ ಕೂರೋದು ಬೇಡ. ರಜಕ್ಕೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ, ಪಕ್ಕದ ಊರಲ್ಲಿ ಮಾಜಿ ಸೈನಿಕರಿದ್ದರೆ ಹೋಗಿ ಮಾತಾಡಿಸಿ. ಟ್ರಂಕಿನಲ್ಲಿ ಆ ತಿರಸ್ಕಾರದ ಕಾಗದ ಇನ್ನೂ ಇರುತ್ತದೆ. ತೆಗೆಸಿ, ಕನ್ನಡದಲ್ಲಿ ಓದಿ ಹೇಳಿ. ಬೋರ್ಡಿನ ದಾಖಲೆ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಪೀಲು ಬರೆದುಕೊಡಿ. ನಾವು ಕಲಿತ ನಾಲ್ಕಕ್ಷರ ಇದಕ್ಕೆ ಆಗದಿದ್ದರೆ ಇನ್ಯಾವುದಕ್ಕೆ?