ಪಂಪ್‌ಹೌಸಲ್ಲಿ ಸಾಮಾನು ಹೆಂಗಿರಬೇಕು?

ತ್ರೀ ಫೇಸ್ ಕರೆಂಟು ಇರೋದೇ ಕೆಲವು ಗಂಟೆ. ಅದ್ರಲ್ಲಿ ಅರ್ಧ ಗಂಟೆ ಒಂದು ಜಾಯಿನರ್ ಹುಡುಕೋದಕ್ಕೇ ಹೋದ್ರೆ ನೀರು ಬಿಡೋದು ಯಾವಾಗ? 12 ಎಂಎಂ ಲ್ಯಾಟರಲ್‌ದು ಒಂದು ಡಬ್ಬ, 16 ಎಂಎಂದು ಇನ್ನೊಂದು. ಹಳೇ ಪೇಂಟ್ ಡಬ್ಬ ಆದ್ರೂ ನಡೆಯುತ್ತೆ. ಸ್ಪ್ಯಾನರ್, ಪೈಪ್ ರೆಂಚು ಗೋಡೆಗೆ ಮೊಳೆ ಹೊಡೆದು ನೇತಾಕಿ. ಪೊಟ್ಯಾಷ್ ಚೀಲದ ಪಕ್ಕ ಇಟ್ರೆ ತುಕ್ಕು ತಿನ್ನುತ್ತೆ.

ಔಷಧಿ ಮಾತ್ರ ಇವುಗಳ ಜೊತೆ ಇರಲೇಬಾರದು ಅಂತ ನನ್ನ ಅಭಿಪ್ರಾಯ. ಡಬ್ಬದ ಮೇಲೆ ಕೆಂಪು ತ್ರಿಕೋನ ಇದ್ರೆ ಕಡು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಮ್ಮಲ್ಲಿ ಬೂಸಾ ಚೀಲದ ಮೇಲೇ ಇಡೋರಿದ್ದಾರೆ. ಉಳಿದಿದ್ದನ್ನ ನೀರಿನ ಬಾಟ್ಲಿಗೆ ಬಗ್ಗಿಸಿಡೋರೂ ಇದ್ದಾರೆ! ಬಿಸಿಲಲ್ಲಿ ಕಳೆ ಕಿತ್ತು ಬಂದ ಹೆಣ್ಣಾಳಿಗೆ ಏನು ಗೊತ್ತಾಗುತ್ತೆ ಹೇಳಿ? ಬೀಗ ಹಾಕೋ ಒಂದು ತಗಡಿನ ಪೆಟ್ಟಿಗೆ ಮಾಡ್ಸಿ ಅಣ್ಣಂದಿರಾ. ಬೀಗದ ಕೈ ಮಕ್ಕಳಿಗೆ ಎಟುಕದಂಗೆ ಮೇಲಿಡಿ.